ಪ್ರಾಣಿಬಂಧು ಜೆರಾಲ್ಡ್ ಡರೆಲ್

ಮೃಗಾಲಯವೆಂದರೆ ನಮಗೆ ರಜಾ ದಿನದ ಸಂತೋಷ. ಹುಲಿ, ಕರಡಿ, ನವಿಲುಗಳನ್ನು ನೋಡಿ ನಲಿದು ಮನೆಗೆ ಮರಳುತ್ತೇವೆ. ಆದರೆ ಬೋನಿನೊಳಗಿನ ಪ್ರಾಣಿಗೆ ಅದರಿಂದೇನು ಪ್ರಯೋಜನ? ಈ ಪ್ರಶ್ನೆಯ ಉತ್ತರಕ್ಕಾಗಿ ತಮ್ಮ ಬಾಳನ್ನೇ ಸವೆಸಿದವರು ಜೆರಾಲ್ಡ್ ಡರೆಲ್.

ಡರೆಲ್ ಆಂಗ್ಲರಾದರೂ ಹುಟ್ಟಿದ್ದು ನಮ್ಮ ದೇಶದಲ್ಲಿ. 1925ನೇ ಇಸವಿ ಜನವರಿ 7ರಂದು ಜಮ್‌ಷೆಡ್‌ಪುರದಲ್ಲಿ ಅವರ ಜನನವಾಯಿತು. ತಂದೆ ಇಂಜಿನಿಯರರಾಗಿದ್ದರು. 1928ರಲ್ಲಿ ಅವರು ತೀರಿಕೊಂಡ ಬಳಿಕ ತಾಯಿ ಮಕ್ಕಳೊಡನೆ ಇಂಗ್ಲೆಂಡಿಗೆ ತೆರಳಿದರು. 1935ರಲ್ಲಿ ಕುಟುಂಬವು ಗ್ರೀಸಿನ ಕೊರ್ಫು ದ್ವೀಪದಲ್ಲಿ ನೆಲೆಸಿತು. ಅಲ್ಲಿ ಬಾಲಕ ಡರೆಲ್ ಶಾಲೆಗೆ ಹೋಗಲಿಲ್ಲ, ಮನೆಪಾಠವೇ ಗತಿ. ಉಳಿದ ಹೊತ್ತೆಲ್ಲ ಆಮೆ, ಹಲ್ಲಿ, ಚೇಳು, ಗೂಬೆಮರಿಗಳ ಸಹವಾಸ. ಥಿಯೋಡೋರ್ ಸ್ಟೆಫನೈಡಿಸ್ ಎಂಬ ವೈದ್ಯರು ಈ ಹುಡುಗನ ಕುತೂಹಲವನ್ನು ಹಗುರವಾಗಿ ಕಾಣದೆ, ಜೀವಿಗಳನ್ನು ತಾಳ್ಮೆಯಿಂದ ಗಮನಿಸುವ ಬಗೆಯನ್ನು ಕಲಿಸಿದರು.

1945ರಲ್ಲಿ, ಇಪ್ಪತ್ತರ ಹರೆಯದಲ್ಲಿ, ಡರೆಲ್ ಇಂಗ್ಲೆಂಡಿನ ವಿಪ್ಸ್‌ನೇಡ್ ಮೃಗಾಲಯದಲ್ಲಿ ತರಬೇತಿಗೆ ಸೇರಿದರು. ಮೇವು ಹಾಕುವುದು, ಕೊಟ್ಟಿಗೆ ಗುಡಿಸುವುದು ಅವರ ಕೆಲಸ. ಅಲ್ಲಿ ಪೇರ್ ಡೇವಿಡ್ ಜಿಂಕೆಯ ಮರಿಗಳಿಗೆ ಬಾಟಲಿಯಿಂದ ಹಾಲೂಡಿಸುವ ಕೆಲಸವೂ ಅವರ ಪಾಲಿಗೆ ಬಂತು. ಈ ಜಿಂಕೆಯ ತವರು ಚೀನಾ. ಅಲ್ಲಿ 1900ರ ಸುಮಾರಿಗೆ ಅದರ ಸಂತತಿ ಅಳಿದುಹೋಗಿತ್ತು. ಯುರೋಪಿನ ಮೃಗಾಲಯಗಳಲ್ಲಿ ಅಲ್ಲೊಂದು ಇಲ್ಲೊಂದು ಉಳಿದಿದ್ದವುಗಳನ್ನು ಇಂಗ್ಲೆಂಡಿನ ಬೆಡ್‌ಫರ್ಡ್ ಡ್ಯೂಕರು ತಮ್ಮ ವಿಶಾಲವಾದ ತೋಟದಲ್ಲಿ ಕೂಡಿಸಿ ಸಾಕಿದ್ದರಿಂದಲೇ ವಂಶ ಉಳಿಯಿತು. ಕಾಡಿನಲ್ಲಿ ನಾಶವಾದ ಜೀವಿಯನ್ನೂ ಸಾಕಿ ಉಳಿಸಬಹುದೆಂಬ ಸತ್ಯ ಡರೆಲ್ಲರ ಮನಸ್ಸಿನಲ್ಲಿ ಬೇರೂರಿತು. ಅದೇ ಜಿಂಕೆಗಳ ಸಂತತಿ 1985ರಲ್ಲಿ ಚೀನಾಕ್ಕೆ ಮರಳಿದ್ದು ಮುಂದಿನ ಮಾತು.

ಪಿತ್ರಾರ್ಜಿತವಾಗಿ ಬಂದ ಹಣದಿಂದ ಡರೆಲ್ 1947ರಲ್ಲಿ ಆಫ್ರಿಕದ ಕ್ಯಾಮರೂನಿಗೆ ಹೊರಟು, ಮೃಗಾಲಯಗಳಿಗಾಗಿ ಪ್ರಾಣಿಗಳನ್ನು ಸಂಗ್ರಹಿಸಿದರು. ಹಿಡಿದವುಗಳಿಗೆ ಒಳ್ಳೆಯ ಆಹಾರ ಕೊಡುತ್ತಿದ್ದರು. ಬೇಕಾದುದಕ್ಕಿಂತ ಹೆಚ್ಚು ಹಿಡಿಯುತ್ತಿರಲಿಲ್ಲ. ಹೀಗಾಗಿ ಮೂರು ಯಾತ್ರೆಗಳಲ್ಲಿ ಕೈ ಬರಿದಾಯಿತು. ಆಗ ಪತ್ನಿಯ ಒತ್ತಾಯದಿಂದ ಲೇಖನಿ ಹಿಡಿದರು. ಮೊದಲ ಪುಸ್ತಕ 1953ರಲ್ಲಿ ಪ್ರಕಟವಾಯಿತು. ಕೊರ್ಫು ದ್ವೀಪದ ಬಾಲ್ಯವನ್ನು ಕುರಿತ 1956ರ ಪುಸ್ತಕವು ಅವರನ್ನು ಲೋಕಪ್ರಸಿದ್ಧರನ್ನಾಗಿ ಮಾಡಿತು.

1959ರ ಮಾರ್ಚ್ 26ರಂದು ಜರ್ಸಿ ದ್ವೀಪದಲ್ಲಿ ಡರೆಲ್ ತಮ್ಮದೇ ಮೃಗಾಲಯವನ್ನು ತೆರೆದರು. ಅಳಿವಿನಂಚಿನ ಜೀವಿಗಳನ್ನು ಸಾಕಿ, ಸಂತತಿ ಬೆಳೆಸಿ, ಸಾಧ್ಯವಾದಾಗ ಕಾಡಿಗೇ ಹಿಂತಿರುಗಿಸುವುದು ಅವರ ಗುರಿ. ಮೃಗಾಲಯದ ಪಂಡಿತರಲ್ಲಿ ಹಲವರಿಗೆ ಇದು ಹುಚ್ಚು ಸಾಹಸವಾಗಿ ಕಂಡಿತು. ಹಣದ ಮುಗ್ಗಟ್ಟೂ ಬಿಡದೆ ಕಾಡಿತು. ಆದರೂ ಡರೆಲ್ ಎದೆಗುಂದಲಿಲ್ಲ. 1962ರಲ್ಲಿ ಬಿಬಿಸಿಯ ಛಾಯಾಗ್ರಾಹಕರೊಡನೆ ನ್ಯೂಜಿಲೆಂಡ್, ಆಸ್ಟ್ರೇಲಿಯ, ಮಲಯಗಳನ್ನು ಸುತ್ತಿ, ಅಪರೂಪದ ಪ್ರಾಣಿಗಳನ್ನೂ ಅವುಗಳ ರಕ್ಷಣೆಯ ಕಾರ್ಯವನ್ನೂ ಚಿತ್ರಿಸಿ ಜನರಿಗೆ ತೋರಿಸಿದರು. 1963ರಲ್ಲಿ ವನ್ಯಜೀವಿ ರಕ್ಷಣೆಗಾಗಿ ಒಂದು ಟ್ರಸ್ಟನ್ನು ಸ್ಥಾಪಿಸಿದರು. ಅದರ ಲಾಂಛನ ಡೋಡೋ. ಮಾರಿಷಸ್ ದ್ವೀಪದಲ್ಲಿ ಮನುಷ್ಯರ ಕಾಲಿಟ್ಟ ಮೇಲೆ ಅಳಿದುಹೋದ ಹಕ್ಕಿ.

ಅದೇ ಮಾರಿಷಸ್ಸಿನಲ್ಲಿ ಗುಲಾಬಿ ಪಾರಿವಾಳಕ್ಕೂ ಡೋಡೋವಿನ ಗತಿಯೇ ಬರಲಿತ್ತು. 1990ರ ಸುಮಾರಿಗೆ ಕಾಡಿನಲ್ಲಿ ಉಳಿದಿದ್ದವು ಹತ್ತರಷ್ಟು ಮಾತ್ರ. 1970ರ ದಶಕದಿಂದಲೇ ಡರೆಲ್ಲರ ಸಂಸ್ಥೆ ಮತ್ತಿತರರು ಅವುಗಳನ್ನು ಸಾಕಿ, ಮರಿ ಮಾಡಿಸಿ ಕಾಡಿಗೆ ಬಿಟ್ಟುದರ ಫಲವಾಗಿ ಇಂದು ಅವುಗಳ ಸಂಖ್ಯೆ ನಾನೂರನ್ನು ಮೀರಿದೆ.

1977ರಲ್ಲಿ ಮಾರಿಷಸ್ಸಿನ ತರುಣನೊಬ್ಬ ಜರ್ಸಿಗೆ ತರಬೇತಿಗೆ ಬಂದ. ಮುಂದೆ ಆತನೇ ತನ್ನ ದೇಶದ ರಾಷ್ಟ್ರೀಯ ಉದ್ಯಾನಗಳ ಮೊದಲ ನಿರ್ದೇಶಕನಾದ. ಬಳಿಕ ಹತ್ತಾರು ದೇಶಗಳ ಯುವಕ ಯುವತಿಯರು ಅಲ್ಲಿ ಕಲಿತು, ತಮ್ಮ ನಾಡಿನ ಪ್ರಾಣಿಗಳನ್ನು ರಕ್ಷಿಸಲು ಹಿಂತಿರುಗಿದರು. ಕೊಟ್ಟಿಗೆ ಗುಡಿಸಿದ ತರುಣನು ಹೀಗೆ ಜಗತ್ತಿಗೇ ಗುರುವಾದನು.

1995ರ ಜನವರಿ 30ರಂದು ಡರೆಲ್ ಕಾಲವಾದರು. ಕೆಲಸ ನಿಲ್ಲಲಿಲ್ಲ. ಅಸ್ಸಾಮಿನ ಹುಲ್ಲುಗಾವಲಿನ ಕುಬ್ಜ ಹಂದಿಯು ಮೊಲಕ್ಕಿಂತ ತುಸು ದೊಡ್ಡದಾದ, ಜಗತ್ತಿನಲ್ಲೇ ಅತಿ ಚಿಕ್ಕ ಹಂದಿ. 1996ರಲ್ಲಿ ಮಾನಸ್ ಅಭಯಾರಣ್ಯದಿಂದ ತಂದ ಆರು ಹಂದಿಗಳಿಂದ ಗುವಾಹಾಟಿಯ ಬಳಿ ಸಾಕಣೆ ಆರಂಭವಾಯಿತು. 2008ರಿಂದ ಅವುಗಳ ಸಂತತಿಯನ್ನು ಮರಳಿ ಹುಲ್ಲುಗಾವಲಿಗೆ ಬಿಡಲಾಗುತ್ತಿದೆ. ಡರೆಲ್ ಹುಟ್ಟಿದ ದೇಶಕ್ಕೆ ಅವರ ಸಂಸ್ಥೆ ಹೀಗೆ ಋಣ ಸಲ್ಲಿಸಿದೆ.

ವಿದ್ಯಾರ್ಥಿ ಮಿತ್ರರೇ, ಹುಲಿ ಸಿಂಹಗಳನ್ನು ಮೆಚ್ಚುವವರು ಬಹಳ. ಯಾರೂ ತಿರುಗಿ ನೋಡದ ಪಾರಿವಾಳ, ಹಂದಿ, ಹಲ್ಲಿಗಳಿಗೂ ಬಾಳುವ ಹಕ್ಕಿದೆಯೆಂದು ಡರೆಲ್ ಬದುಕಿ ತೋರಿಸಿದರು. ನಮ್ಮ ಊರಿನ ಕೆರೆ, ಗುಡ್ಡ, ಗದ್ದೆಗಳಲ್ಲಿಯೂ ಅಂಥ ಜೀವಿಗಳಿವೆ. ಅವುಗಳನ್ನು ಗುರುತಿಸುವುದರಿಂದಲೇ ರಕ್ಷಣೆಯ ಕೆಲಸ ಆರಂಭವಾಗುತ್ತದೆ.