ಗಾಲಿಕುರ್ಚಿಯ ಶಸ್ತ್ರವೈದ್ಯೆ ಡಾ. ಮೇರಿ ವರ್ಗೀಸ್

ಹುಣಸೆ ಬಡಿಯಲು ಮರ ಹತ್ತಿದವರು ಬಿದ್ದು ಬೆನ್ನು ಮುರಿದುಕೊಂಡರೆ, ಅವರ ಬಾಳು ಅಲ್ಲಿಗೇ ಮುಗಿಯಿತೆಂದು ನಮ್ಮ ಪಾವಗಡದ ಕಡೆ ಮಾತಾಡಿಕೊಳ್ಳುತ್ತಾರೆ. ಮೇರಿ ವರ್ಗೀಸ್ ಅವರ ಕೆಲಸ ಶುರುವಾದದ್ದೇ ಅಲ್ಲಿಂದ.

ಅವರು ಹುಟ್ಟಿದ್ದು 1925ರಲ್ಲಿ, ಕೇರಳದ ಕೊಚ್ಚಿಯಲ್ಲಿ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಓದಿ, ಹೆರಿಗೆ ತಜ್ಞೆಯಾಗುವ ಆಸೆ ಇಟ್ಟುಕೊಂಡಿದ್ದರು. 1954ರ ಜನವರಿಯಲ್ಲಿ ಗೆಳೆಯರೊಂದಿಗೆ ಹೋಗುತ್ತಿದ್ದಾಗ ವಾಹನ ಉರುಳಿತು. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಚಲನೆಯೂ ಇಲ್ಲ, ಸ್ಪರ್ಶವೂ ಇಲ್ಲ. ಆಗ ವಯಸ್ಸು 28.

ಕುಳಿತೇ ಮಾಡಬಹುದಾದ ಶಸ್ತ್ರಚಿಕಿತ್ಸೆಯೊಂದಿದೆ ಎಂದು ದಾರಿ ತೋರಿಸಿದವರು ಅಲ್ಲಿನ ವೈದ್ಯ ಪಾಲ್ ಬ್ರಾಂಡ್. ಕುಷ್ಠರೋಗದಲ್ಲಿ ನರ ಸತ್ತು ಬೆರಳುಗಳು ಮಡಚಿಕೊಳ್ಳುತ್ತವೆ. ಸರಿಯಿರುವ ಸ್ನಾಯುವಿನ ಕಂಡರವನ್ನು ಅಲ್ಲಿಗೆ ಜೋಡಿಸಿದರೆ ಕೈ ಮತ್ತೆ ತೆರೆಯುತ್ತದೆ. ಮೇರಿ ಅದನ್ನು ಕಲಿತು ಗಾಲಿಕುರ್ಚಿಯಲ್ಲಿ ಕೂತೇ ಶಸ್ತ್ರಚಿಕಿತ್ಸೆ ಮಾಡಿದರು. ನನಗೆ ಹೆಚ್ಚು ಮನಸ್ಸಿಗೆ ತಟ್ಟಿದ್ದು ಇದು: ಸುಟ್ಟರೂ ತಿಳಿಯದ ಕೈಯ ರೋಗಿ, ಗಾಯವಾದರೂ ತಿಳಿಯದ ಕಾಲಿನ ವೈದ್ಯೆ. ಇಬ್ಬರಿಗೂ ಒಂದೇ ಅಪಾಯ.

ಇದೇ ಅಪಾಯದ ಬಗ್ಗೆ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಲುಡ್ವಿಗ್ ಗುಟ್ಮನ್ 1944ರಿಂದ ಕೆಲಸ ಮಾಡುತ್ತಿದ್ದರು. ಅಲ್ಲಿಯವರೆಗೆ ಇಂಥ ರೋಗಿಗಳನ್ನು ಕೊಲ್ಲುತ್ತಿದ್ದದ್ದು ಹೆಚ್ಚಾಗಿ ಮುರಿದ ಮೂಳೆಯಲ್ಲ, ಒತ್ತಿನಿಂದಾಗುವ ಹಾಸಿಗೆ ಹುಣ್ಣು ಮತ್ತು ಮೂತ್ರದ ಸೋಂಕು. ಎರಡು ಗಂಟೆಗೊಮ್ಮೆ ರಾತ್ರಿಯೂ ಮಗ್ಗುಲು ಬದಲಿಸುವುದು, ಮೂತ್ರಕೋಶದ ಶುಚಿ, ತೋಳುಗಳ ವ್ಯಾಯಾಮ, ಆಟ, ಉದ್ಯೋಗ, ಇವಿಷ್ಟರಿಂದ ಸಾವು ಎಷ್ಟೋ ಕಡಿಮೆಯಾಯಿತು. ಕೇಳಲು ಎಷ್ಟು ಸಣ್ಣ ಕೆಲಸಗಳು!

ತನ್ನ ಕೆಲಸ ತಾನೇ ಮಾಡಿಕೊಳ್ಳುವುದನ್ನು ಮೇರಿ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಕಲಿತರು. ಆಮೇಲೆ ನ್ಯೂಯಾರ್ಕಿಗೆ ಹೋಗಿ ಹೋವರ್ಡ್ ರಸ್ಕ್ ಅವರ ಸಂಸ್ಥೆಯಲ್ಲಿ ಪುನರ್ವಸತಿ ವೈದ್ಯಶಾಸ್ತ್ರ ಓದಿದರು. ಅಲ್ಲೇ ಉಳಿಯಬಹುದಿತ್ತು. ವೆಲ್ಲೂರಿಗೆ ಮರಳಿ ಆ ವಿಭಾಗದ ಮುಖ್ಯಸ್ಥೆಯಾದರು. 1966ರಲ್ಲಿ ರೋಗಿಗಳು ಉಳಿದು ಕಲಿಯುವ ಪುನರ್ವಸತಿ ಕೇಂದ್ರ ಅಲ್ಲಿ ಆರಂಭವಾಯಿತು. ಹಾಸಿಗೆಯಿಂದ ಕುರ್ಚಿಗೆ ದಾಟುವುದು ಹೇಗೆಂದು ಅಲ್ಲಿ ಹೇಳುತ್ತಿದ್ದ ವೈದ್ಯೆಯೇ ದಿನವೂ ಹಾಗೆ ದಾಟುತ್ತಿದ್ದವರು.

1972ರಲ್ಲಿ ಪದ್ಮಶ್ರೀ ಬಂತು. 1986ರಲ್ಲಿ ತೀರಿಕೊಂಡರು, ಅಪಘಾತವಾಗಿ 32 ವರ್ಷ ಕಳೆದ ಮೇಲೆ. ಅವರು ಕಟ್ಟಿದ ಕೇಂದ್ರಕ್ಕೆ ಬೆನ್ನು ಮುರಿದವರು ಇಂದಿಗೂ ಬರುತ್ತಾರೆ. ಮಗ್ಗುಲು ಬದಲಿಸುವುದನ್ನು ಜೊತೆಗೆ ಬಂದ ಮನೆಯವರೂ ಕಲಿತು ಹೋಗುತ್ತಾರೆ.