ಕುದ್ಮುಲ್ ರಂಗರಾಯರ ಶಾಲೆ ಮತ್ತು ನಮ್ಮ ಕೊನೆಯ ಬೆಂಚು

ಶಿಕ್ಷಣದ ಇತಿಹಾಸ ಎಂದರೆ ನಮ್ಮ ಟಿಪ್ಪಣಿ ಪುಸ್ತಕದಲ್ಲಿ ರೂಸೋ, ಫ್ರೋಬೆಲ್, ಟ್ಯಾಗೋರ್, ಗಾಂಧೀಜಿ. ಭಟ್ಕಳದಿಂದ ಬಸ್ ಹತ್ತಿದರೆ ಅರ್ಧ ದಿನದೊಳಗೆ ತಲುಪುವ ಮಂಗಳೂರಿನಲ್ಲಿ ಬಾಳಿದ ಕುದ್ಮುಲ್ ರಂಗರಾಯರು ಅದರಲ್ಲಿ ಇಲ್ಲ. ಬೋಧನಾಭ್ಯಾಸಕ್ಕೆಂದು ಹೊನ್ನಾವರ ತಾಲೂಕಿನ ಒಂದು ಪ್ರೌಢಶಾಲೆಗೆ ಹೋಗಿ ಬಂದ ಮೇಲೆ, ಅವರ ಬಗ್ಗೆಯೇ ಬರೆಯಬೇಕು ಎನಿಸಿತು.

ರಂಗರಾಯರು ಹುಟ್ಟಿದ್ದು 1859ರ ಜೂನ್ 29ರಂದು, ಕಾಸರಗೋಡು ಸೀಮೆಯ ಕುದ್ಮುಲಿನಲ್ಲಿ. ಆಗ ನಮ್ಮ ಹೊನ್ನಾವರ, ಕುಮಟಾ ಕೂಡ ಮದ್ರಾಸ್ ಆಡಳಿತಕ್ಕೇ ಸೇರಿದ್ದವು. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತ್ಯಕ್ಕೆ ಹೋಯಿತು. ಸಾರಸ್ವತ ಬ್ರಾಹ್ಮಣ ಮನೆತನ. ಎಳೆಯ ವಯಸ್ಸಿಗೇ ತಂದೆ ತೀರಿಕೊಂಡರು, ಸಂಸಾರದ ಭಾರ ಹೆಗಲಿಗೆ ಬಂತು. ಮಂಗಳೂರಿಗೆ ಬಂದು ಮೊದಲು ಶಿಕ್ಷಕರಾದರು, ಆಮೇಲೆ ವಕೀಲರಾದರು. ಬಡವರ ಪರ ವಾದಿಸುವ ವಕೀಲರೆಂದು ಹೆಸರಾಯಿತು. ಬ್ರಹ್ಮಸಮಾಜದ ಒಡನಾಟವೂ ಬೆಳೆಯಿತು. ಹೀಗೇ ಮುಂದುವರಿದಿದ್ದರೆ ಒಳ್ಳೆಯ ಮನೆ, ಒಳ್ಳೆಯ ಹೆಸರು ಎರಡೂ ಉಳಿಯುತ್ತಿದ್ದವು.

1892ರಲ್ಲಿ ಅವರು ಉರ್ವ ಚಿಲಿಂಬಿಯಲ್ಲಿ ಬಾಡಿಗೆ ಕಟ್ಟಡವೊಂದರಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದರು. ಪಾಠ ಮಾಡಲು ಮೇಲ್ಜಾತಿಯವರು ಒಪ್ಪಲಿಲ್ಲ. ಕ್ರೈಸ್ತ ಶಿಕ್ಷಕರು ಒಪ್ಪಿ ಬಂದರು. ವಿರೋಧ ಹೆಚ್ಚಿದಂತೆ ಶಾಲೆ ಊರೊಳಗೆ ಜಾಗ ಬದಲಿಸುತ್ತ ಹೋಯಿತು. ಸ್ವಂತ ಜಾತಿಯವರು ರಂಗರಾಯರಿಗೆ ಬಹಿಷ್ಕಾರ ಹಾಕಿದರು. ಇಷ್ಟಾದರೂ 1897ರಲ್ಲಿ ಅವರು ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆ ಕಟ್ಟಿದರು. ಕೊಡಿಯಾಲಬೈಲಿನ ಶೇಡಿಗುಡ್ಡೆಯಲ್ಲಿ ಅದಕ್ಕೆ ನೆಲೆ ಸಿಕ್ಕಿತು. ಓದಿನ ಜೊತೆಗೆ ನೇಯ್ಗೆ, ಬಡಗಿ ಕೆಲಸದಂಥ ಕಸುಬುಗಳನ್ನೂ ಅಲ್ಲಿ ಕಲಿಸಿದರು.

ಈಗ ನಾನು ಹೇಳಬೇಕಾದ ಮಾತಿಗೆ ಬರುತ್ತೇನೆ. ಆ ಶಾಲೆಗೆ ಬರುತ್ತಿದ್ದ ಮಗುವಿನ ಸ್ಥಿತಿಯನ್ನು ಸ್ವಲ್ಪ ಯೋಚಿಸಿ. ಹೊಟ್ಟೆಯಲ್ಲಿ ಏನೂ ಇಲ್ಲ. ದಾರಿಯಲ್ಲಿ ಯಾರ ಎದುರಿಗೂ ಸುಳಿಯಬಾರದು ಎಂಬ ಭಯ. ಮನೆಯಲ್ಲಿ, ಈ ಹೊತ್ತಿಗೆ ಕೂಲಿಗೆ ಹೋಗಿದ್ದರೆ ನಾಲ್ಕು ಕಾಸಾದರೂ ಬರುತ್ತಿತ್ತು ಎಂಬ ಮಾತು. ಇಂಥ ಮಗು ಸ್ಲೇಟು ಹಿಡಿದು ಕೂತು ಅಳಲಿಲ್ಲ ಎಂದರೂ ಅದು ನೆಮ್ಮದಿಯಲ್ಲಿತ್ತು ಎಂದಲ್ಲ. ರಂಗರಾಯರು ಮಧ್ಯಾಹ್ನದ ಊಟ ಹಾಕಿಸಿದರು. ಶಾಲೆಗೆ ಬಂದ ಮಕ್ಕಳಿಗೆ ದಿನಕ್ಕೆ ಎರಡು ಪೈಸೆ ಕೊಟ್ಟರು. ಮಗುವನ್ನು ಹತ್ತಿರ ಕೂರಿಸಿಕೊಳ್ಳಲು ಹೇಸದ ಶಿಕ್ಷಕರನ್ನು ಹುಡುಕಿ ತಂದರು. ಇದನ್ನು ದಾನ ಎನ್ನುವವರಿದ್ದಾರೆ. ನನಗೆ ಇದು ಬೋಧನಾ ವಿಧಾನದ ಭಾಗವಾಗಿಯೇ ಕಾಣುತ್ತದೆ. ಮಗುವಿನ ಸಂಕಟ ಎಲ್ಲಿಂದ ಬರುತ್ತದೆ ಎಂದು ನೋಡಿ, ಅಲ್ಲಿಗೇ ಕೈ ಹಾಕಿದ ಕ್ರಮ ಅದು.

ಇಂದು ಅಕ್ಷರ ದಾಸೋಹವಿದೆ, ಬಿಸಿಯೂಟವಿದೆ. ಆದರೂ ಕೊನೆಯ ಬೆಂಚಿನಲ್ಲಿ ತಲೆ ಹುದುಗಿಸಿ ಕೂತ ಮಗು ಇದ್ದೇ ಇದೆ. ನನ್ನ ಎಂಟನೇ ತರಗತಿಯ ವಿಜ್ಞಾನ ಪಾಠದ ನಡುವೆ ಮೀನುಗಾರರ ಮನೆಯ ಹುಡುಗನೊಬ್ಬ ಹಾಗೆ ಕೂತಿದ್ದ, ಭುಜ ನಡುಗುತ್ತಿತ್ತು. ಹಿಂದೆ ವೀಕ್ಷಕರು ಅಂಕಪಟ್ಟಿ ಹಿಡಿದು ಕೂತಿದ್ದರು. ಪ್ರಶಿಕ್ಷಣಾರ್ಥಿಗಳೆಲ್ಲರಿಗೂ ಗೊತ್ತಿರುವ ಇಕ್ಕಟ್ಟು ಇದು: ಪಾಠ ನಿಲ್ಲಿಸಿದರೆ ಅಂಕ ಹೋಗುತ್ತದೆ, ನಿಲ್ಲಿಸದಿದ್ದರೆ ಮಗು ಹೋಗುತ್ತದೆ. ಜೀವಕೋಶದ ಚಿತ್ರ ಬಿಡಿಸಿ, ಭಾಗಗಳನ್ನು ಗುರುತಿಸಿ ಎಂದು ಎಲ್ಲರಿಗೂ ಕೆಲಸ ಕೊಟ್ಟೆ. ಸಾಲುಗಳ ನಡುವೆ ನಡೆಯುತ್ತ ಅವನ ಬೆಂಚಿನ ಹತ್ತಿರ ಬಗ್ಗಿ, ನೀರು ಕುಡಿದು ಬರ್ತೀಯಾ ಎಂದು ಮೆಲ್ಲಗೆ ಕೇಳಿದೆ. ಜೊತೆಗೆ ಅವನ ಗೆಳೆಯನನ್ನು ಕಳಿಸಿದೆ. ಏನಾಯಿತು ಎಂದು ಎಲ್ಲರೆದುರು ಕೇಳಲಿಲ್ಲ. ನಲವತ್ತು ಜೊತೆ ಕಣ್ಣುಗಳ ಮುಂದೆ ಯಾವ ಮಗುವೂ ನಿಜ ಹೇಳುವುದಿಲ್ಲ. ತರಗತಿ ಮುಗಿದ ಮೇಲೆ ವರಾಂಡದಲ್ಲಿ ಸುಮ್ಮನೆ ಅವನ ಪಕ್ಕ ನಿಂತೆ. ಸ್ವಲ್ಪ ಹೊತ್ತಿನ ನಂತರ ಅವನೇ, ಮನೆಯ ಗಲಾಟೆಯ ವಿಷಯ, ಬೆಳಿಗ್ಗೆ ತಿನ್ನದೇ ಬಂದ ವಿಷಯ ಹೇಳಿದ. ಯಾರಿಗೂ ಹೇಳಬೇಡಿ ಸರ್ ಎಂದ. ಆ ಮಾತು ಕೊಡಲಿಲ್ಲ. ನಿನಗೆ ಸಹಾಯ ಮಾಡಬಲ್ಲ ಒಬ್ಬರಿಗೆ ಮಾತ್ರ ಹೇಳುತ್ತೇನೆ ಎಂದು ತಿಳಿಸಿ, ತರಗತಿ ಶಿಕ್ಷಕಿಗೆ ಹೇಳಿದೆ. ಅಕ್ಕೋರಿಗೆ ಆ ಮನೆ ಗೊತ್ತಿತ್ತು.

ಗುಟ್ಟಿನ ಈ ವಿಷಯದಲ್ಲಿ ನಾವು ಗಟ್ಟಿಯಾಗಿರಬೇಕು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ತಿಳಿದುಬಂದರೆ ವರದಿ ಮಾಡುವುದು 2012ರ ಪೋಕ್ಸೊ ಕಾಯ್ದೆಯಂತೆ ಕಡ್ಡಾಯ. ತುರ್ತು ಇದ್ದರೆ ಮಕ್ಕಳ ಸಹಾಯವಾಣಿ 1098 ಇದೆ. ಭಟ್ಕಳದ ಕೆಲವು ಶಾಲೆಗಳಲ್ಲಿ ಮಗುವಿನ ಮನೆಮಾತು ನವಾಯತಿ ಅಥವಾ ಕೊಂಕಣಿ. ಅಳುವಾಗ ಬಾಯಿಗೆ ಬರುವುದು ಅದೇ. ಆ ಭಾಷೆ ಬಲ್ಲ ಸಹೋದ್ಯೋಗಿಯನ್ನು ಕರೆದರೆ ಅರ್ಧ ಕೆಲಸ ಹಗುರ. ನಮ್ಮ ಪಾಠಯೋಜನೆಯಲ್ಲಿ ಪೂರ್ವಜ್ಞಾನಕ್ಕೆ ಜಾಗವಿದೆ, ಕಲಿಕೋಪಕರಣಕ್ಕೆ ಜಾಗವಿದೆ. ಆ ದಿನ ಮಗು ಹೇಗೆ ಬಂದಿದೆ ಎಂಬುದಕ್ಕೆ ಒಂದು ಗೆರೆಯೂ ಇಲ್ಲ.

ರಂಗರಾಯರ ಮನೆಯೊಳಗೂ ಸಂಕಟವಿತ್ತು. ಮಗಳು ರಾಧಾಬಾಯಿ ಎಳೆಯ ವಯಸ್ಸಿಗೇ ವಿಧವೆಯಾದರು. ಅವರನ್ನು ಮೂಲೆಗೆ ಕೂರಿಸದೆ ಓದಿಸಿದರು, ಡಾ. ಪಿ. ಸುಬ್ಬರಾಯನ್ ಅವರೊಂದಿಗೆ ಮರುಮದುವೆಯೂ ಆಯಿತು. 1930ರಲ್ಲಿ ಲಂಡನ್ನಿನ ಮೊದಲ ದುಂಡುಮೇಜಿನ ಪರಿಷತ್ತಿಗೆ ಭಾರತದಿಂದ ಹೋದ ಇಬ್ಬರು ಮಹಿಳೆಯರಲ್ಲಿ ಈ ರಾಧಾಬಾಯಿ ಒಬ್ಬರು.

ಅದನ್ನು ನೋಡಲು ತಂದೆ ಇರಲಿಲ್ಲ. ಕೊನೆಗಾಲದಲ್ಲಿ ಸಂನ್ಯಾಸ ಸ್ವೀಕರಿಸಿದ್ದ ರಂಗರಾಯರು 1928ರ ಜನವರಿ 30ರಂದು ತೀರಿಕೊಂಡರು. ತಮ್ಮ ಶವವನ್ನು ಊರಿನ ಜಾಡಮಾಲಿಗಳೇ ಹೊರಬೇಕೆಂಬುದು ಅವರ ಇಚ್ಛೆಯಾಗಿತ್ತು, ಹಾಗೆಯೇ ಆಯಿತು. 1934ರ ಫೆಬ್ರವರಿಯಲ್ಲಿ ಮಂಗಳೂರಿಗೆ ಬಂದ ಗಾಂಧೀಜಿ ಶೇಡಿಗುಡ್ಡೆಯ ಆ ಸಂಸ್ಥೆಗೆ ಹೋಗಿದ್ದರು. ಈಗ ಮಂಗಳೂರಿನ ಪುರಭವನಕ್ಕೆ ರಂಗರಾಯರ ಹೆಸರಿದೆ.