ನಿವೃತ್ತಿಯ ನಂತರದ ವಿಶ್ವೇಶ್ವರಯ್ಯ

ಕನ್ನಂಬಾಡಿ ಕಟ್ಟೆ, ಮೈಸೂರು ಪೇಟ, ಸಮಯಪಾಲನೆ. ನಮ್ಮ ಶಾಲೆಯ ಭಾಷಣ ಸ್ಪರ್ಧೆಗಳಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಬಗ್ಗೆ ನಾವೆಲ್ಲ ಹೇಳುತ್ತಿದ್ದುದು ಇಷ್ಟೇ. ದಿವಾನಗಿರಿ ಬಿಟ್ಟ ಮೇಲೂ ಅವರು 43 ವರ್ಷ ಬದುಕಿದ್ದರು. ಸರ್ಕಾರಿ ಶಾಲೆಯಲ್ಲಿ ಓದಿದ ನಮಗೆ ಆ ವರ್ಷಗಳ ಕಥೆಯೇ ಹೆಚ್ಚು ಹತ್ತಿರದ್ದು ಎಂದು ನನ್ನ ಅನಿಸಿಕೆ.

ಅವರು ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯವರು. ಹುಡುಗನಾಗಿದ್ದಾಗಲೇ ತಂದೆ ತೀರಿಕೊಂಡರು. ಮನೆಪಾಠ ಹೇಳಿಕೊಂಡು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಮುಗಿಸಿದರು. ಮೈಸೂರು ಸರ್ಕಾರ ವಿದ್ಯಾರ್ಥಿವೇತನ ಕೊಟ್ಟು ಪುಣೆಗೆ ಕಳಿಸಿದ್ದರಿಂದ ಎಂಜಿನಿಯರಾದರು. ಮುಂಬಯಿ ಪ್ರಾಂತ್ಯದ ನೌಕರಿ, ಮೈಸೂರಿನ ಮುಖ್ಯ ಎಂಜಿನಿಯರ್ ಹುದ್ದೆ, 1912ರಿಂದ 1918ರವರೆಗೆ ದಿವಾನಗಿರಿ ಎಲ್ಲರಿಗೂ ಗೊತ್ತಿರುವುದೇ. ಅದನ್ನು ಬಿಡಲು ಕಾರಣ ಮಾತ್ರ ಭಾಷಣಗಳಲ್ಲಿ ಬರುವುದಿಲ್ಲ. ಹಿಂದುಳಿದವರಿಗೆ ಸರ್ಕಾರಿ ನೌಕರಿಯಲ್ಲಿ ಸ್ಥಾನ ಮೀಸಲಿಡುವ ವಿಚಾರದಲ್ಲಿ ಅವರಿಗೂ ಮಹಾರಾಜರಿಗೂ ಒಮ್ಮತವಿರಲಿಲ್ಲ. ನಮ್ಮ ಶಾಲೆಯ ಎಷ್ಟೋ ಮಂದಿಗೆ ಬಾಗಿಲು ತೆರೆದದ್ದು ಮೀಸಲಾತಿಯೇ. ಹಾಗಾಗಿ ಈ ಒಂದು ವಿಷಯದಲ್ಲಿ ನಾನು ಮಹಾರಾಜರ ಕಡೆ.

ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಶುರುವಾಯಿತು. ದಿವಾನರಾಗಿದ್ದಾಗ ಅವರೇ ಹಾಕಿಕೊಂಡ ಯೋಜನೆ ಅದು. ಅದಿರು ಕೆಮ್ಮಣ್ಣುಗುಂಡಿಯದು. ಕಲ್ಲಿದ್ದಲು ಸಿಗದ ಸೀಮೆಯಾದ್ದರಿಂದ ಮಲೆನಾಡಿನ ಮರ ಸುಟ್ಟ ಇದ್ದಿಲಿನಿಂದಲೇ ಕುಲುಮೆ ಉರಿಯಬೇಕು. ಅಷ್ಟರಲ್ಲಿ ಮಹಾಯುದ್ಧ ಮುಗಿದು ಕಬ್ಬಿಣದ ಬೆಲೆ ಬಿದ್ದಿತ್ತು, ಕಾರ್ಖಾನೆ ನಷ್ಟಕ್ಕೆ ಸಿಕ್ಕಿತು. ಅರವತ್ತು ದಾಟಿದ್ದ ವಿಶ್ವೇಶ್ವರಯ್ಯನವರು ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಹೊಣೆ ಹೊತ್ತರು. ಖರ್ಚು ಇಳಿಸಿದರು, ಹೊರಗಿನ ತಜ್ಞರ ಜಾಗಕ್ಕೆ ಇಲ್ಲಿಯವರನ್ನು ತಯಾರು ಮಾಡಿದರು. 1929ರಲ್ಲಿ ಬಿಡುವ ಹೊತ್ತಿಗೆ ಕಾರ್ಖಾನೆ ಉಳಿದುಕೊಂಡಿತ್ತು.

ಈ ಕೆಲಸದ ಸಂಬಳ ಮಾತ್ರ ಹಾಗೇ ಬಾಕಿಯಿತ್ತು. ಮುಂದೆ ಸರ್ಕಾರ ಲೆಕ್ಕ ಹಾಕಿದಾಗ ಅದು ಲಕ್ಷ ರೂಪಾಯಿ ಮೀರಿತ್ತು. ಆ ಕಾಲದ ಲಕ್ಷ! ಅವರು ಅದನ್ನು ಮನೆಗೆ ಒಯ್ಯಲಿಲ್ಲ. ಹುಡುಗರು ಒಂದು ಕಸುಬು ಕಲಿತು ಸ್ವಂತ ಕಾಲ ಮೇಲೆ ನಿಲ್ಲುವಂಥ ಸಂಸ್ಥೆ ತೆರೆಯಲು ಆ ಹಣ ಬಳಸುವಂತೆ ಹೇಳಿದರು. ಸರ್ಕಾರ ಅವರದೇ ಹೆಸರಿಡಲು ಹೊರಟಾಗ ಬೇಡವೆಂದು ಮಹಾರಾಜರ ಹೆಸರು ಸೂಚಿಸಿದರು. ಹೀಗೆ ಹುಟ್ಟಿದ್ದು ಬೆಂಗಳೂರಿನ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್. ಈಗ ಎಲ್ಲರೂ ಎಸ್.ಜೆ. ಪಾಲಿಟೆಕ್ನಿಕ್ ಎನ್ನುತ್ತಾರೆ. (ಹೆಸರು ಬೇಡವೆಂದ ಅವರ ಹೆಸರು ಇಂದು ನನ್ನ ಬಿ.ಇ. ಪದವಿ ಪತ್ರದ ಮೇಲೆಯೇ ಇದೆ. ನಾನು ಓದಿದ್ದು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಡಿ.)

1927ರಿಂದ 1955ರವರೆಗೆ ಅವರು ಟಾಟಾ ಉಕ್ಕು ಕಂಪನಿಯ ನಿರ್ದೇಶಕರಾಗಿಯೂ ಇದ್ದರು. ಎಂಬತ್ತರ ವಯಸ್ಸಿನಲ್ಲಿ, 1941ರಲ್ಲಿ, ದೇಶದ ಕೈಗಾರಿಕೋದ್ಯಮಿಗಳ ಒಕ್ಕೂಟ ಕಟ್ಟಿದರು. ಹಳ್ಳಿಗಳನ್ನು ಗುಂಪುಗೂಡಿಸಿ ಅಲ್ಲಲ್ಲೇ ಸಣ್ಣ ಕೈಗಾರಿಕೆ ಬೆಳೆಸುವ ಯೋಜನೆ ಆಮೇಲಿನದು. ಭಾರತರತ್ನ ಬಂದದ್ದು 1955ರಲ್ಲಿ. 1962ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಅಂತ್ಯಕ್ರಿಯೆ ನಡೆದದ್ದು ಮುದ್ದೇನಹಳ್ಳಿಯಲ್ಲಿ.

ಆ ಪಾಲಿಟೆಕ್ನಿಕ್ ಕೆ.ಆರ್. ವೃತ್ತದ ಬಳಿ ಇದೆ. ಸರ್ಕಾರಿ ಸಂಸ್ಥೆ. ಈ ವರ್ಷ ಹತ್ತನೆಯ ತರಗತಿಯಲ್ಲಿರುವ ಮಕ್ಕಳು ಗಮನಿಸಲಿ: ಅಲ್ಲಿ ಡಿಪ್ಲೊಮಾಕ್ಕೆ ಅರ್ಜಿ ಹಾಕಲು ಎಸ್‌ಎಸ್‌ಎಲ್‌ಸಿ ಪಾಸಾಗಿದ್ದರೆ ಸಾಕು.